ಬಾಗಿದ ಫಿನ್‌ಗಳನ್ನು ನೆಟ್ಟಗಾಗಿಸುವುದು: ಎ.ಸಿ. ಕಾಯಿಲ್ ಮತ್ತು ರೇಡಿಯೇಟರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಎ.ಸಿ.ಯ ಔಟ್‌ಡೋರ್ ಯೂನಿಟ್ಟಿನ ಹಿಂಬದಿಯನ್ನೋ ಕಾರಿನ ರೇಡಿಯೇಟರಿನ ಮುಂಭಾಗವನ್ನೋ ಹತ್ತಿರದಿಂದ ನೋಡಿದರೆ, ದಪ್ಪ ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ನಿಂತ ನೂರಾರು ಅಲ್ಯುಮಿನಿಯಂ ತಗಡುಗಳು ಕಾಣುತ್ತವೆ. ಇವೇ ಫಿನ್‌ಗಳು. ಒಳಗಿನ ಕೊಳವೆಯಲ್ಲಿ ಹರಿಯುವ ಗ್ಯಾಸ್ (ಎ.ಸಿ.ಯಲ್ಲಿ ತಂಪು ಕೊಡುವ ಅನಿಲ) ಅಥವಾ ಕೂಲಂಟ್ (ಎಂಜಿನನ್ನು ತಂಪಾಗಿಡುವ ದ್ರವ) ತಂದ ಶಾಖವನ್ನು ಹೀರಿಕೊಂಡು, ತಮ್ಮ ನಡುವೆ ಹಾದುಹೋಗುವ ಗಾಳಿಗೆ ದಾಟಿಸುವುದು ಇವುಗಳ ಕೆಲಸ. ಕೊಳವೆಯ ಮೈಯೊಂದರಿಂದಲೇ ಅಷ್ಟು ಶಾಖವನ್ನು ಬಿಡುವುದು ಸಾಧ್ಯವಿಲ್ಲದ ಕಾರಣ, ಗಾಳಿಗೆ ತಾಗುವ ಮೇಲ್ಮೈಯನ್ನು ಹಲವು ಪಟ್ಟು ಹಿಗ್ಗಿಸಲು ಈ ತಗಡುಗಳನ್ನು ಜೋಡಿಸಿರುತ್ತಾರೆ. ಒಂದೊಂದರ ದಪ್ಪವೂ ಸಾಮಾನ್ಯವಾಗಿ 0.1 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದಲೇ ಬೆರಳು ಜಾರಿದರೂ ಚೆಂಡು ಬಡಿದರೂ ಅವು ಮಲಗಿಬಿಡುತ್ತವೆ.

ಮಲಗಿದ ಫಿನ್ ತನ್ನ ಪಕ್ಕದ ಸಂದನ್ನು ಮುಚ್ಚುತ್ತದೆ. ಹೊರಗಿನ ಕಂಡೆನ್ಸರಿನಲ್ಲಿ (ಔಟ್‌ಡೋರ್ ಯೂನಿಟ್ಟಿನಲ್ಲಿ ಶಾಖವನ್ನು ಹೊರಬಿಡುವ ಭಾಗ) ಹೀಗಾದಾಗ ಶಾಖ ಹೊರಹೋಗುವುದು ನಿಧಾನವಾಗಿ, ಗ್ಯಾಸಿನ ಒತ್ತಡ ಏರಿ, ಕಂಪ್ರೆಸರ್ ಹೆಚ್ಚು ದುಡಿಯಬೇಕಾಗುತ್ತದೆ. ರೇಡಿಯೇಟರಿನಲ್ಲಾದರೆ ಏರುದಾರಿಯಲ್ಲಿ ಅಥವಾ ವಾಹನಗಳ ದಟ್ಟಣೆಯಲ್ಲಿ ಎಂಜಿನ್ ಬಿಸಿಯಾಗತೊಡಗುತ್ತದೆ. ಇಲ್ಲಿ ನಮ್ಮ ಗುರಿ ಗಾಳಿಗೆ ದಾರಿ ಬಿಡಿಸುವುದೇ ಹೊರತು ತಗಡನ್ನು ಹೊಸದರಂತೆ ಹೊಳೆಯಿಸುವುದಲ್ಲ. ಈ ವ್ಯತ್ಯಾಸವನ್ನು ಮರೆತವರೇ ಹೆಚ್ಚಾಗಿ ಕಾಯಿಲ್ (ಕೊಳವೆ ಮತ್ತು ಫಿನ್‌ಗಳು ಸೇರಿದ ಜೋಡಣೆ) ಕೆಡಿಸುವುದು: ಬಹುಪಾಲು ಸರಿಯಾದ ಫಿನ್‌ಗಳನ್ನು ಇನ್ನಷ್ಟು ಅಂದವಾಗಿಸಲು ಹೋಗಿ, ಮತ್ತೆ ಮತ್ತೆ ಎಳೆದು, ಕೊನೆಗೆ ಹರಿದುಹಾಕುತ್ತಾರೆ. ಅಲ್ಯುಮಿನಿಯಂ ಪ್ರತಿ ಸಲ ಬಾಗಿದಾಗಲೂ ಸ್ವಲ್ಪ ಗಡುಸಾಗುತ್ತದೆ. ಒಮ್ಮೆ ಬಾಗಿದ್ದನ್ನು ಒಮ್ಮೆ ಎತ್ತಿ ನಿಲ್ಲಿಸಬಹುದು, ಇನ್ನೊಮ್ಮೆಯೂ ಆದೀತು; ಅದೇ ಜಾಗದಲ್ಲಿ ಅತ್ತಿತ್ತ ಬಗ್ಗಿಸುತ್ತ ಹೋದರೆ ಮಡಿಕೆಯ ಗೆರೆಯಲ್ಲೇ ಅದು ಮುರಿಯುತ್ತದೆ.

ಮುಟ್ಟುವ ಮೊದಲು ನೋಡುವುದು

ಕತ್ತಲಾದ ಮೇಲೆ ಅಥವಾ ನೆರಳಿನಲ್ಲಿ, ಟಾರ್ಚನ್ನು ಕಾಯಿಲಿನ ಮೈಗೆ ಓರೆಯಾಗಿ ಹಿಡಿದು ನೋಡಬೇಕು. ನೇರ ಬೆಳಕಿನಲ್ಲಿ ಕಾಣದ ತಗ್ಗುಗಳು ಓರೆ ಬೆಳಕಿನಲ್ಲಿ ನೆರಳಾಗಿ ಎದ್ದು ಕಾಣುತ್ತವೆ. ಹಿಂದಿನಿಂದ ಬೆಳಕು ಬಿಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಬೆಳಕು ತೂರಿಬರದ ಜಾಗದಲ್ಲಿ ಗಾಳಿಗೂ ದಾರಿಯಿರುವುದು ಅಪರೂಪ. ಹಲವು ಸಾಲು ಕೊಳವೆಗಳಿರುವ ದಪ್ಪ ಕಾಯಿಲ್‌ಗಳಲ್ಲಿ ಮತ್ತು ಅಲೆಯಲೆಯಾದ ಫಿನ್‌ಗಳಲ್ಲಿ ಮಾತ್ರ ಈ ಪರೀಕ್ಷೆ ನಡೆಯದು, ಏಕೆಂದರೆ ಅಲ್ಲಿ ಫಿನ್ ಸರಿಯಿದ್ದರೂ ಬೆಳಕು ನೇರವಾಗಿ ದಾಟುವುದಿಲ್ಲ.

ನೋಡುವಾಗ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ತುಕ್ಕು. ಅಲ್ಯುಮಿನಿಯಂ ಕೆಂಪಾಗುವುದಿಲ್ಲ, ಬಿಳಿ ಪುಡಿಯಾಗುತ್ತದೆ. ತಾಮ್ರದ ಕೊಳವೆಗೆ ಅಲ್ಯುಮಿನಿಯಂ ಫಿನ್ ತಾಗಿರುವ ಕಾಯಿಲ್‌ಗಳಲ್ಲಿ, ವಿಶೇಷವಾಗಿ ಉಪ್ಪಿನ ಗಾಳಿ ಬೀಸುವ ಕಡಲತೀರದಲ್ಲಿ, ಈ ಸವೆತ ಬೇಗ ಹಿಡಿಯುತ್ತದೆ. ಮೂಲೆಯ ಒಂದು ಫಿನ್ನನ್ನು ಉಗುರಿನಿಂದ ಮೆಲ್ಲಗೆ ಸರಿಸಿದಾಗ ಅದು ಬಾಗುವ ಬದಲು ಒಣ ಎಲೆಯಂತೆ ಉದುರಿದರೆ, ಆ ಕಾಯಿಲನ್ನು ಫಿನ್ ಬಾಚಣಿಗೆಯಿಂದ ಬಾಚಿ ಪ್ರಯೋಜನವಿಲ್ಲ. ಎರಡನೆಯದು ಎಣ್ಣೆಯ ಕಲೆ. ಗ್ಯಾಸಿನೊಂದಿಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುವುದರಿಂದ, ಧೂಳು ಮೆತ್ತಿಕೊಂಡ ಜಿಡ್ಡಿನ ಮಚ್ಚೆ ಕಂಡರೆ ಅಲ್ಲಿ ಸೋರಿಕೆಯಿರುವ ಅನುಮಾನ ಬಲವಾಗಬೇಕು. ರೇಡಿಯೇಟರಿನಲ್ಲಿ ಇದೇ ಸೂಚನೆ ಒಣಗಿದ ಕೂಲಂಟಿನ ಬಿಳಿ, ಹಸಿರು ಅಥವಾ ಗುಲಾಬಿ ಹೆಕ್ಕಳೆಯಾಗಿ ಕಾಣಿಸುತ್ತದೆ. ಮೂರನೆಯದು ಕೊಳವೆಯ ಮೇಲಿನ ಪೆಟ್ಟು. ಕಲ್ಲು ಬಡಿದು ಫಿನ್‌ಗಳು ಗುಳಿಬಿದ್ದ ಜಾಗದಲ್ಲಿ, ಅವುಗಳ ಹಿಂದಿನ ಕೊಳವೆಯೂ ನಗ್ಗಿರಬಹುದು. ಎರಡನೆಯ ಅಥವಾ ಮೂರನೆಯ ಸ್ಥಿತಿ ಕಂಡುಬಂದರೆ ಫಿನ್ ತಿದ್ದುವ ಯೋಚನೆ ಬಿಟ್ಟು ತಂತ್ರಜ್ಞರನ್ನು ಕರೆಸಬೇಕು.

ಇನ್ನು ಇಡೀ ಮುಖದಲ್ಲಿ ಅಲ್ಲೊಂದು ಇಲ್ಲೊಂದು ಬೆರಳಚ್ಚಿನಷ್ಟು ಜಾಗ ಮಾತ್ರ ಮಲಗಿದ್ದರೆ, ನನ್ನ ಅಭಿಪ್ರಾಯದಲ್ಲಿ ಅದನ್ನು ಹಾಗೆಯೇ ಬಿಡುವುದು ಲೇಸು. ಗಾಳಿ ಪಕ್ಕದ ಸಂದುಗಳಿಂದ ಹಾದುಹೋಗುತ್ತದೆ; ನಿಮಗೆ ತಿಳಿಯುವಷ್ಟು ವ್ಯತ್ಯಾಸವೇನೂ ಆಗುವುದಿಲ್ಲ. ಅಂಗೈ ಅಗಲಕ್ಕೂ ಮಿಕ್ಕಿದ ಪಟ್ಟೆಗಳು ಮುಚ್ಚಿಹೋಗಿದ್ದಾಗ, ಆಲಿಕಲ್ಲು ಇಡೀ ಮುಖವನ್ನು ಚಚ್ಚಿದಾಗ ಅಥವಾ ಪ್ರೆಶರ್ ವಾಷರಿನ ನೀರು ಸಾಲುಸಾಲಾಗಿ ಫಿನ್‌ಗಳನ್ನು ಮಲಗಿಸಿದಾಗ ಈ ಶ್ರಮಕ್ಕೆ ಫಲವಿದೆ.

ಫಿನ್‌ಗಳ ಎರಡು ಬಗೆ

ಮುಂದಿನ ಎಲ್ಲ ಕ್ರಮವೂ ಇದರ ಮೇಲೆ ನಿಂತಿದೆ. ಮನೆಯ ಬಹುಪಾಲು ಎ.ಸಿ.ಗಳಲ್ಲಿ ಉದ್ದುದ್ದ ತಗಡುಗಳನ್ನು ತೂತು ಮಾಡಿ, ಆ ತೂತುಗಳಲ್ಲಿ ದುಂಡು ಕೊಳವೆಗಳನ್ನು ತೂರಿಸಿ, ಕೊಳವೆಯನ್ನು ಒಳಗಿನಿಂದ ಹಿಗ್ಗಿಸಿ ಬಿಗಿ ಮಾಡಿರುತ್ತಾರೆ. ಕಾಯಿಲಿನ ಕೊನೆಯಲ್ಲಿ ಲಾಳದಾಕಾರದ ಬಾಗುಗಳು ಕಂಡರೆ ಅದು ಈ ಬಗೆಯದು. ಇಲ್ಲಿ ಫಿನ್ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಸಾಗುವುದರಿಂದ ಬಾಚಣಿಗೆಯಿಂದ ಎಳೆಯಬಹುದು.

ಕಾರಿನ ರೇಡಿಯೇಟರ್, ಕಾರಿನ ಎ.ಸಿ. ಕಂಡೆನ್ಸರ್ ಮತ್ತು ಮೈಕ್ರೋಚಾನೆಲ್ ಎಂದು ಕರೆಯುವ ಕೆಲವು ಹೊಸ ಕಾಯಿಲ್‌ಗಳಲ್ಲಿ ಚಪ್ಪಟೆ ಕೊಳವೆಗಳು ಸಾಲಾಗಿರುತ್ತವೆ. ಎರಡು ಕೊಳವೆಗಳ ನಡುವಿನ ಕಿರಿದಾದ ಓಣಿಯಲ್ಲಿ ಒಂದೇ ತೆಳುಪಟ್ಟಿಯನ್ನು ನೆರಿಗೆಯಂತೆ ಮಡಚಿ ಬೆಸೆದಿರುತ್ತಾರೆ. ಈ ನೆರಿಗೆ ಫಿನ್ನಿನ ಎತ್ತರ ಒಂದು ಸೆಂಟಿಮೀಟರಿನ ಆಸುಪಾಸು ಮಾತ್ರ, ಅದರ ಎರಡೂ ತುದಿಗಳು ಕೊಳವೆಗೆ ಅಂಟಿಕೊಂಡಿರುತ್ತವೆ. ಇದರ ಮೇಲೆ ಉದ್ದನೆಯ ಬಾಚಣಿಗೆ ಎಳೆದರೆ ಹಲ್ಲುಗಳು ಪ್ರತಿ ಸೆಂಟಿಮೀಟರಿಗೊಮ್ಮೆ ಕೊಳವೆಗೇ ಬಡಿಯುತ್ತವೆ. ಆದ್ದರಿಂದ ನೆರಿಗೆ ಫಿನ್‌ಗಳನ್ನು ಕೈಯಿಂದ ಒಂದೊಂದಾಗಿಯೇ ಬಿಡಿಸಬೇಕು.

ವಿದ್ಯುತ್ತು, ಒತ್ತಡ ಮತ್ತು ಶಾಖ

ಎ.ಸಿ.ಯನ್ನು ರಿಮೋಟಿನಿಂದ ಆರಿಸಿದರೆ ಸಾಲದು. ವಿದ್ಯುತ್ತನ್ನು ಕಡಿಯುವ ಎಂಸಿಬಿ ಅಥವಾ ಐಸೊಲೇಟರ್ ಸ್ವಿಚ್ಚನ್ನು ಇಳಿಸಿ, ಮನೆಯ ಬೇರೆ ಯಾರೂ ಅದನ್ನು ಏರಿಸದಂತೆ ಚೀಟಿ ಅಂಟಿಸಿ, ಹತ್ತು ನಿಮಿಷವಾದರೂ ಕಾಯಬೇಕು. ವಿದ್ಯುತ್ ಕಡಿದ ಮೇಲೂ ಕಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಫಿನ್ ಕೆಲಸಕ್ಕೆ ವಿದ್ಯುತ್ ಪೆಟ್ಟಿಗೆಯನ್ನು ತೆರೆಯುವ ಅಗತ್ಯವೇ ಇಲ್ಲವಾದ್ದರಿಂದ ಆ ಕಡೆ ಕೈಯಿಡಬಾರದು.

ಯಂತ್ರ ನಿಂತಿದ್ದರೂ ಕೊಳವೆಯೊಳಗಿನ ಒತ್ತಡ ನಿಂತಿರುವುದಿಲ್ಲ. ಆರ್-32 ಅಥವಾ ಆರ್-410ಎ ಎಂಬ ಗ್ಯಾಸ್ ತುಂಬಿದ ಎ.ಸಿ.ಯಲ್ಲಿ, ಸುತ್ತಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಇರುವಾಗ, ನಿಶ್ಚಲ ಸ್ಥಿತಿಯಲ್ಲೇ ಸುಮಾರು 18 ಬಾರ್ ಒತ್ತಡವಿರುತ್ತದೆ. ಕಾರಿನ ಟೈರಿನ ಗಾಳಿಗಿಂತ ಇದು ಏಳೆಂಟು ಪಟ್ಟು ಹೆಚ್ಚು. ಅದನ್ನು ತಡೆದಿರುವ ಕೊಳವೆಯ ಗೋಡೆ ಅರ್ಧ ಮಿಲಿಮೀಟರಿಗೂ ತೆಳುವಾಗಿರುತ್ತದೆ. ಚೂಪಾದ ಸಲಕರಣೆಯನ್ನು ಫಿನ್‌ಗಳ ನಡುವೆ ಆಳವಾಗಿ ಚುಚ್ಚಬಾರದೆನ್ನುವುದು ಇದಕ್ಕಾಗಿಯೇ. ಆರ್-32 ಮಂದವಾಗಿ ಉರಿಯಬಲ್ಲ ಅನಿಲ, ಆರ್-290 ಎಂದರೆ ಪ್ರೊಪೇನ್, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕೆಲಸದ ನಡುವೆ ಬುಸ್ಸೆಂಬ ಸದ್ದು ಕೇಳಿದರೆ ಕೈಯಿಂದ ಮುಚ್ಚಲು ಹೋಗದೆ ದೂರ ಸರಿಯಬೇಕು, ಏಕೆಂದರೆ ಹೊರಚಿಮ್ಮುವ ದ್ರವ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ಹತ್ತಿರದಲ್ಲಿ ಬೆಂಕಿ ಹಚ್ಚುವುದಾಗಲಿ ಸ್ವಿಚ್ ಒತ್ತುವುದಾಗಲಿ ಕೂಡದು. ಫಿನ್ ಮೆದುವಾಗಲೆಂದು ಕಾಯಿಲಿಗೆ ಬೆಂಕಿ ಹಿಡಿಯುವ ಯೋಚನೆಯನ್ನಂತೂ ಮಾಡಲೇಬಾರದು.

ವಾಹನದಲ್ಲಾದರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕೆಲಸಕ್ಕಿಳಿಯಬೇಕು. ರೇಡಿಯೇಟರಿನೊಳಗೆ ಕೂಲಂಟ್ ಒತ್ತಡದಲ್ಲಿದ್ದು, 100 ಡಿಗ್ರಿ ದಾಟಿದರೂ ಕುದಿಯದೆ ಇರಬಲ್ಲದು. ಬಿಸಿಯಿರುವಾಗ ಮುಚ್ಚಳ ತೆರೆದರೆ ಅದು ಮುಖಕ್ಕೆ ಹಾರುತ್ತದೆ. ವಿದ್ಯುತ್ ಫ್ಯಾನ್ ಕೀಲಿ ತೆಗೆದ ಮೇಲೂ ತಾನಾಗಿ ತಿರುಗಬಹುದು, ಹೀಗಾಗಿ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಬೇಕು. ಎರಡೂ ಕಡೆ ದಪ್ಪ ಕೈಗವಸು ಮತ್ತು ಕನ್ನಡಕ ಕಡ್ಡಾಯ. ಫಿನ್ನಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೊಯ್ದದ್ದು ರಕ್ತ ಕಂಡ ಮೇಲಷ್ಟೇ ತಿಳಿಯುತ್ತದೆ.

ಸಲಕರಣೆ ಮತ್ತು ಎಣಿಕೆ

ಮುಖ್ಯ ಸಲಕರಣೆ ಫಿನ್ ಬಾಚಣಿಗೆ. ಒಂದೇ ಹಿಡಿಗೆ ಬೇರೆ ಬೇರೆ ಹಲ್ಲಿನ ತಲೆಗಳನ್ನು ಸಿಕ್ಕಿಸುವ, ಇಲ್ಲವೇ ಆರು ಮುಖಗಳಲ್ಲೂ ಹಲ್ಲುಗಳಿರುವ ಪ್ಲಾಸ್ಟಿಕ್ ಬಾಚಣಿಗೆ ಎಲ್ಲರಿಗೂ ಪರಿಚಿತ. ಉಕ್ಕಿನ ಹಲ್ಲಿನ ಬಾಚಣಿಗೆಗಳೂ ಇವೆ. ಅವು ಬೇಗ ಸವೆಯುವುದಿಲ್ಲ, ಆದರೆ ತಪ್ಪು ಮಾಡಿದರೆ ಕ್ಷಮಿಸುವುದೂ ಇಲ್ಲ. ಮೊದಲ ಬಾರಿಗೆ ಕೆಲಸ ಮಾಡುವವರು ಪ್ಲಾಸ್ಟಿಕ್ಕಿನದನ್ನೇ ಆರಿಸಿಕೊಳ್ಳಲಿ. ಇದರ ಜೊತೆಗೆ ಮೊನೆ ಮೊಂಡಾದ ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್ ಅಥವಾ ಬೆಣ್ಣೆ ಸವರುವ ಚಾಕು, ಮೂತಿ ಚಪ್ಪಟೆಯಾದ ಸಣ್ಣ ಇಕ್ಕಳ, ಚಿಮಟ, ಮೆದು ಕೂದಲಿನ ಬ್ರಷ್ ಮತ್ತು ಟಾರ್ಚ್ ಬೇಕು.

ಬಾಚಣಿಗೆಯ ತಲೆಗಳ ಮೇಲೆ 8, 10, 12, 14, 15 ಎಂಬಂತಹ ಅಂಕಿಗಳಿರುತ್ತವೆ. ಅವು ಒಂದು ಇಂಚಿನಲ್ಲಿ, ಅಂದರೆ 25.4 ಮಿಲಿಮೀಟರಿನಲ್ಲಿ, ಎಷ್ಟು ಫಿನ್‌ಗಳಿವೆ ಎಂಬುದನ್ನು ಸೂಚಿಸುತ್ತವೆ. ಪೆಟ್ಟಾಗದ ಜಾಗದಲ್ಲಿ ಅಳತೆಪಟ್ಟಿ ಹಿಡಿದು 30 ಮಿಲಿಮೀಟರಿನಲ್ಲಿರುವ ಫಿನ್‌ಗಳನ್ನು ಎಣಿಸಿ, ಬಂದ ಸಂಖ್ಯೆಯನ್ನು 30ರಿಂದ ಭಾಗಿಸಿ 25.4ರಿಂದ ಗುಣಿಸಿದರೆ ಬೇಕಾದ ಅಂಕಿ ಸಿಗುತ್ತದೆ. 20 ಫಿನ್‌ಗಳಿದ್ದರೆ ಅದು ಸರಿಸುಮಾರು 17. ಕಣ್ಣಿಗೆ ಎಣಿಸಲು ಕಷ್ಟವಾದರೆ ಮೊಬೈಲಿನಲ್ಲಿ ಅಳತೆಪಟ್ಟಿಯ ಸಮೇತ ಚಿತ್ರ ತೆಗೆದು, ಹಿಗ್ಗಿಸಿಕೊಂಡು ಎಣಿಸಬಹುದು.

ನಿಮ್ಮ ಬಾಚಣಿಗೆಯಲ್ಲಿ 17ರ ತಲೆ ಇಲ್ಲದಿದ್ದರೆ ಒಂದು ಉಪಾಯವಿದೆ. 15ರ ತಲೆಯನ್ನು ಫಿನ್‌ಗಳಿಗೆ ಅಡ್ಡಲಾಗಿ ನೇರವಾಗಿಡದೆ, ಕಾಯಿಲಿನ ಮುಖದ ಮೇಲೆಯೇ ಸುಮಾರು 30 ಡಿಗ್ರಿಯಷ್ಟು ವಾರೆ ಮಾಡಿದರೆ ಹಲ್ಲುಗಳ ನಡುವಿನ ಅಡ್ಡ ಅಂತರ ಕಿರಿದಾಗಿ 17ಕ್ಕೆ ಹೊಂದಿಕೊಳ್ಳುತ್ತದೆ. ಅಂಕಿ ಬೇಕಾದದ್ದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಯಾವ ಉಪಾಯವೂ ಇಲ್ಲ. ಹಲ್ಲುಗಳು ಸಂದಿನ ಬದಲು ಫಿನ್ನಿನ ಅಂಚಿನ ಮೇಲೆ ಕೂತು ಸರಿಯಿದ್ದದ್ದನ್ನೂ ಕೆಡಿಸುತ್ತವೆ.

ಮೊದಲು ಧೂಳು ತೆಗೆಯಬೇಕು

ಫಿನ್‌ಗಳ ನಡುವೆ ಕಸ ತುಂಬಿರುವಾಗ ಬಾಚಿದರೆ ಹಲ್ಲು ಸಿಕ್ಕಿಕೊಂಡು ಫಿನ್ನನ್ನೇ ಎಳೆದುತರುತ್ತದೆ. ಒಣ ಬ್ರಷ್ಷನ್ನು ಫಿನ್‌ಗಳ ಉದ್ದಕ್ಕೆ ಮಾತ್ರ ಆಡಿಸಿ ಮೇಲಿನ ಧೂಳು, ಎಲೆ, ಹತ್ತಿಯಂತಹ ನಾರನ್ನು ತೆಗೆಯಬೇಕು. ಅಡ್ಡಲಾಗಿ ಆಡಿಸಿದರೆ ಬ್ರಷ್ಷೇ ಫಿನ್‌ಗಳನ್ನು ಮಲಗಿಸುತ್ತದೆ. ಮೆದು ಬ್ರಷ್ಷಿನ ತುದಿಯಿರುವ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕೆಲಸ ಹಗುರ. ನೀರಿನಲ್ಲಿ ತೊಳೆಯುವುದನ್ನು ಫಿನ್ ತಿದ್ದಿದ ಮೇಲೆ ಇಟ್ಟುಕೊಳ್ಳುವುದು ನನ್ನ ರೂಢಿ, ಏಕೆಂದರೆ ಮುಚ್ಚಿದ ಸಂದುಗಳ ಮೇಲೆ ನೀರು ಬಿದ್ದರೆ ಧೂಳು ಕೆಸರಾಗಿ ಇನ್ನಷ್ಟು ಒಳಕ್ಕೆ ಹೋಗಿ ಕೂರುತ್ತದೆ.

ಬಾಚುವ ಕ್ರಮ

ಪೆಟ್ಟಾದ ಜಾಗದಿಂದ ಎಂದೂ ಆರಂಭಿಸಬಾರದು. ಫಿನ್‌ಗಳು ಮೇಲಿನಿಂದ ಕೆಳಕ್ಕೆ ಸಾಗುತ್ತಿದ್ದರೆ, ಪೆಟ್ಟಾದ ಜಾಗಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ, ಎಲ್ಲ ಫಿನ್‌ಗಳೂ ನೆಟ್ಟಗಿರುವಲ್ಲಿ ಬಾಚಣಿಗೆಯನ್ನು ಇಡಬೇಕು. ಪ್ರತಿಯೊಂದು ಹಲ್ಲೂ ಒಂದೊಂದು ಸಂದಿನಲ್ಲಿ ಕೂತಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಮೊದಲ ಸುತ್ತಿನಲ್ಲಿ ಹಲ್ಲು ಎರಡು ಮೂರು ಮಿಲಿಮೀಟರ್ ಒಳಹೋದರೆ ಸಾಕು. ಬಳಿಕ ಹಿಡಿಯನ್ನು ಚಲಿಸುವ ದಿಕ್ಕಿಗೆ ತುಸು ಬಾಗಿಸಿ, ಹಲ್ಲುಗಳ ತುದಿ ಹಿಂದೆ ಜಾರುತ್ತ ಬರುವಂತೆ, ನಿಧಾನವಾಗಿ ಒಂದೇ ಹದದಲ್ಲಿ ಕೆಳಕ್ಕೆ ಎಳೆಯಬೇಕು. ಪೆಟ್ಟಾದ ಜಾಗವನ್ನು ದಾಟಿ, ಕೆಳಗಿನ ಸರಿಯಾದ ಫಿನ್‌ಗಳೊಳಗೆ ಹಲ್ಲುಗಳು ಸೇರಿಕೊಂಡ ಮೇಲೆಯೇ ಬಾಚಣಿಗೆಯನ್ನು ಮೇಲೆತ್ತಬೇಕು. ಪೆಟ್ಟು ಮೇಲಂಚಿನವರೆಗೂ ಹಬ್ಬಿದ್ದರೆ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು.

ಎಳೆತದಲ್ಲಿ ತಡೆ ಸಿಕ್ಕ ಕೂಡಲೇ ಕೈ ನಿಲ್ಲಬೇಕು. ಬಲ ಹಾಕಿ ದಾಟಿಸಿದರೆ ಹಲ್ಲಿನ ಮುಂದೆ ಫಿನ್ ಮುದ್ದೆಯಾಗಿ ಸೇರಿಕೊಳ್ಳುತ್ತದೆ, ಒಮ್ಮೆ ಮುದ್ದೆಯಾದದ್ದನ್ನು ಬಿಡಿಸುವುದು ಅಸಾಧ್ಯವೆನ್ನಬಹುದು. ತಡೆ ಬಂದ ಜಾಗದಲ್ಲಿ ಬಾಚಣಿಗೆಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಸರಿಸಿ ತೆಗೆದು, ಅಡ್ಡ ಮಲಗಿದ ಫಿನ್ ಯಾವುದೆಂದು ನೋಡಿ, ಅದೊಂದನ್ನು ಸ್ಕ್ರೂಡ್ರೈವರಿನ ಮೊಂಡು ತುದಿಯಿಂದ ಎತ್ತಿ ನಿಲ್ಲಿಸಿ, ಮತ್ತೆ ಮೇಲಿನಿಂದ ಎಳೆಯಬೇಕು. ಎರಡನೆಯ ಸುತ್ತಿನಲ್ಲಿ ಹಲ್ಲುಗಳನ್ನು ನಾಲ್ಕೈದು ಮಿಲಿಮೀಟರ್ ಆಳಕ್ಕೆ ಬಿಡಬಹುದು. ಅಷ್ಟರಲ್ಲಿ ಸಂದುಗಳು ತೆರೆದುಕೊಂಡಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಅಂಚುಗಳು ಸ್ವಲ್ಪ ಅಲೆಯಲೆಯಾಗಿ ಕಂಡರೂ ಗಾಳಿಗೆ ಅದರಿಂದ ತೊಂದರೆಯಿಲ್ಲ. ಮೂರನೆಯ ಸುತ್ತಿನ ಆಸೆ ಬಂದಾಗ ಮಡಿಕೆಯ ಗೆರೆಗಳನ್ನು ನೋಡಿ: ಅಲ್ಲಿ ಸಣ್ಣ ಬಿರುಕು ಕಾಣತೊಡಗಿದ್ದರೆ ಆ ಫಿನ್ನಿಗೆ ಇನ್ನೊಂದು ಬಾಗು ತಾಳುವ ಶಕ್ತಿಯಿಲ್ಲ.

ಒಂದರ ಮೇಲೊಂದು ಚಪ್ಪಟೆಯಾಗಿ ಬಿದ್ದ ಜಾಗಗಳಲ್ಲಿ ಬಾಚಣಿಗೆಗೆ ಮೊದಲು ದಾರಿ ಮಾಡಿಕೊಡಬೇಕು. ಹೆಂಚುಗಳಂತೆ ಹೊದ್ದುಕೊಂಡಿರುವ ಇವುಗಳಲ್ಲಿ ಎಲ್ಲಕ್ಕಿಂತ ಮೇಲೆ ಬಿದ್ದ ಫಿನ್, ಅಂದರೆ ಕೊನೆಯಲ್ಲಿ ಮಲಗಿದ್ದು, ಮೊದಲು ಏಳಬೇಕು. ಅದರ ಅಂಚಿನ ಕೆಳಗೆ ಚಾಕುವಿನ ತುದಿಯನ್ನು ಕಾಯಿಲಿನ ಮೈಗೆ ಬಹುತೇಕ ಸಮಾನಾಂತರವಾಗಿ ತೂರಿಸಿ ಮೆಲ್ಲಗೆ ಎತ್ತಿ, ನಂತರ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು, ಹೀಗೆ ಒಂದು ಬದಿಯಿಂದ ಸಾಗಬೇಕು. ಪ್ರತಿಯೊಂದನ್ನೂ ಅರ್ಧದಷ್ಟು ಎತ್ತಿದರೆ ಸಾಕು, ಮಿಕ್ಕದ್ದನ್ನು ಬಾಚಣಿಗೆ ಮಾಡುತ್ತದೆ. ಈ ಹಂತಕ್ಕೆ ತಾಳ್ಮೆ ಬೇಕು. ಅಂಗೈಯಷ್ಟು ಜಾಗಕ್ಕೆ ಅರ್ಧ ಗಂಟೆ ಹಿಡಿದರೆ ಬೇಸರಪಡಬೇಕಾಗಿಲ್ಲ. ಹರಿದು ಜೋತಾಡುವ ಚೂರುಗಳನ್ನು ಚಿಮಟದಿಂದ ತೆಗೆದುಬಿಡಬೇಕು, ಇಲ್ಲವಾದರೆ ಫ್ಯಾನ್ ತಿರುಗುವಾಗ ಅವು ಗುಂಯ್‌ಗುಡುತ್ತವೆ.

ಫಿನ್‌ಗಳಿಗೆ ನೀಲಿ ಅಥವಾ ಹೊಂಬಣ್ಣದ ಲೇಪನವಿದ್ದರೆ ಬಾಚುವಾಗ ಅದು ಅಲ್ಲಲ್ಲಿ ಕೆರೆದುಹೋಗುವುದು ಅನಿವಾರ್ಯ. ತುಕ್ಕನ್ನು ತಡೆಯಲು ಅಥವಾ ನೀರು ಬೇಗ ಜಾರಿಹೋಗಲು ಹಾಕಿದ ಪದರವದು. ಲೇಪನವಿರುವ ಕಾಯಿಲ್‌ಗಳಲ್ಲಿ ಅಗತ್ಯಕ್ಕಿಂತ ಒಂದು ಎಳೆತವೂ ಹೆಚ್ಚಾಗದಂತೆ ನೋಡಿಕೊಳ್ಳಬೇಕು.

ರೇಡಿಯೇಟರ್ ಮತ್ತು ನೆರಿಗೆ ಫಿನ್‌ಗಳು

ಬಹುತೇಕ ಕಾರುಗಳಲ್ಲಿ ಎ.ಸಿ. ಕಂಡೆನ್ಸರ್ ಮುಂದೆ, ರೇಡಿಯೇಟರ್ ಅದರ ಹಿಂದೆ ಇರುತ್ತದೆ. ರಸ್ತೆಯ ಕಲ್ಲಿನ ಪೆಟ್ಟು ತಿನ್ನುವುದು ಹೆಚ್ಚಾಗಿ ಕಂಡೆನ್ಸರ್. ರೇಡಿಯೇಟರಿಗೆ ಬರುವ ತೊಂದರೆ ಎರಡರ ನಡುವೆ ಸಿಕ್ಕಿಕೊಳ್ಳುವ ಕಸ ಮತ್ತು ಹುಳಗಳಿಂದ. ಎಂಜಿನ್ ಬಿಸಿಯಾಗುತ್ತಿದೆಯೆಂದು ಮುಂಭಾಗದ ಫಿನ್‌ಗಳನ್ನಷ್ಟೇ ತಿದ್ದಿ ಕೂತರೆ ಮೂಲ ಕಾರಣ ಒಳಗೇ ಉಳಿದಿರಬಹುದು.

ನೆರಿಗೆ ಫಿನ್ ತಿದ್ದಲು ಮೊನೆ ಮೊಂಡಾದ, ಒಂದೆರಡು ಮಿಲಿಮೀಟರ್ ಅಗಲದ ಚಪ್ಪಟೆ ತುದಿ ಬೇಕು. ಎರಡು ಕೊಳವೆಗಳ ನಡುವಿನ ಓಣಿಯಲ್ಲಿ ಸರಿಯಾದ ನೆರಿಗೆಯ ಪಕ್ಕದಿಂದ ಆರಂಭಿಸಿ, ಮಡಿಕೆಯ ನಡುಭಾಗವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ ಸಂದನ್ನು ಅಗಲಿಸುತ್ತ ಹೋಗಬೇಕು. ಎರಡು ನಿಯಮಗಳನ್ನು ಮೀರಬಾರದು: ಕೊಳವೆಗೆ ಸಲಕರಣೆಯನ್ನು ಆನಿಸಿ ಮೀಟಬಾರದು, ಮತ್ತು ಫಿನ್ ಕೊಳವೆಗೆ ಅಂಟಿರುವ ತುದಿಯನ್ನು ಎಳೆಯಬಾರದು. ಆ ಬೆಸುಗೆ ಬಿಟ್ಟುಹೋದರೆ ಶಾಖ ಫಿನ್ನಿಗೆ ದಾಟುವುದೇ ಇಲ್ಲ. ಆ ಫಿನ್ ಎಷ್ಟು ನೆಟ್ಟಗಿದ್ದರೂ ಅಲಂಕಾರಕ್ಕಷ್ಟೇ. ಬೆಸುಗೆ ಬಿಟ್ಟ ತಾಮ್ರ-ಹಿತ್ತಾಳೆಯ ಹಳೆಯ ರೇಡಿಯೇಟರ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಈ ಫಿನ್‌ಗಳ ಮೈಮೇಲೆ ಗಾಳಿಯನ್ನು ಕಲಕಲು ಕಿಟಕಿ ಪಟ್ಟಿಗಳಂತಹ ಸಣ್ಣ ಸೀಳುಗಳಿರುತ್ತವೆ. ಪೆಟ್ಟಿನಲ್ಲಿ ಅವು ಮುಚ್ಚಿಹೋಗಿದ್ದರೆ ಮತ್ತೆ ತೆರೆಯಲು ಹೋಗಬೇಡಿ, ಅದು ಕೈಗೆಟುಕುವ ಕೆಲಸವಲ್ಲ.

ರೇಡಿಯೇಟರನ್ನು ಬಿಚ್ಚಿ ತೆಗೆದಿದ್ದರೆ ಸಮತಟ್ಟಾದ ಮೇಜಿನ ಮೇಲೆ ರಟ್ಟು ಹಾಸಿ ಮಲಗಿಸಿ ಕೆಲಸ ಮಾಡಬೇಕು. ಪಕ್ಕದ ಪ್ಲಾಸ್ಟಿಕ್ ಟ್ಯಾಂಕುಗಳ ಮೇಲೆ ಭಾರ ಹಾಕಬಾರದು.

ಮನೆಯೊಳಗಿನ ಯೂನಿಟ್ಟಿನ ಕಾಯಿಲಿಗೆ ಫಿಲ್ಟರಿನ ರಕ್ಷಣೆಯಿರುವುದರಿಂದ ಅಲ್ಲಿ ಫಿನ್ ಬಾಗುವುದು ಕಡಿಮೆ; ಬಾಗಿದ್ದರೆ ಮೇಲೆ ಹೇಳಿದ ಕ್ರಮವೇ ಸಾಕು. ಉದುರಿದ ಅಲ್ಯುಮಿನಿಯಂ ಚೂರುಗಳು ನೀರಿನ ತಟ್ಟೆಗೆ ಬಿದ್ದು ಡ್ರೇನ್ ಪೈಪನ್ನು ಕಟ್ಟದಂತೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದನ್ನು ಮಾತ್ರ ಮರೆಯಬಾರದು.

ತೊಳೆದು ಪರೀಕ್ಷಿಸುವುದು

ಔಟ್‌ಡೋರ್ ಯೂನಿಟ್ಟಿನ ಫ್ಯಾನ್ ಗಾಳಿಯನ್ನು ಹೊರಗಿನಿಂದ ಕಾಯಿಲಿನ ಮೂಲಕ ಒಳಕ್ಕೆ ಎಳೆಯುತ್ತದೆ, ಹಾಗಾಗಿ ಕಸವೆಲ್ಲ ಹೊರಮೈಯಲ್ಲೇ ಕೂತಿರುತ್ತದೆ. ಸಾಧ್ಯವಿದ್ದರೆ ಒಳಗಿನಿಂದ ಹೊರಕ್ಕೆ, ವಿದ್ಯುತ್ ಪೆಟ್ಟಿಗೆಗೆ ತಾಗದಂತೆ, ತೋಟದ ಪೈಪಿನ ಸಾಧಾರಣ ನೀರನ್ನು ಬಿಡಬೇಕು. ಹೊರಗಿನಿಂದಲೇ ಬಿಡಬೇಕಾದರೆ ನೀರು ಕಾಯಿಲಿನ ಮುಖಕ್ಕೆ ನೇರವಾಗಿ ಬೀಳಬೇಕು. ಓರೆಯಾಗಿ ಬಿದ್ದ ಜೋರು ನೀರು ಈಗಷ್ಟೇ ಎದ್ದ ಫಿನ್‌ಗಳನ್ನು ಮತ್ತೆ ಮಲಗಿಸುತ್ತದೆ. ಪ್ರೆಶರ್ ವಾಷರ್ ಬೇಡವೇ ಬೇಡ.

ಪೂರ್ತಿ ಒಣಗಿದ ಮೇಲೆ ಯಂತ್ರವನ್ನು ಚಾಲೂ ಮಾಡಿ, ತಿದ್ದಿದ ಜಾಗದ ಮುಂದೆ ತೆಳು ಕಾಗದದ ಚೂರನ್ನು ಹಿಡಿಯಬೇಕು. ಅದು ಕಾಯಿಲಿನ ಮೈಗೆ ಅಂಟಿ ನಿಂತರೆ ಗಾಳಿ ಒಳಹೋಗುತ್ತಿದೆ ಎಂದರ್ಥ. ಪಕ್ಕದ ಒಳ್ಳೆಯ ಜಾಗದಲ್ಲೂ ಹಿಡಿದು ಹೋಲಿಸಬಹುದು. ಸುಮಾರು ಕಾಲು ಗಂಟೆ ಓಡಿದ ಮೇಲೆ ಒಳಗಿನ ಯೂನಿಟ್ ಎಳೆದುಕೊಳ್ಳುವ ಗಾಳಿಗೂ ಹೊರಬಿಡುವ ಗಾಳಿಗೂ ನಡುವೆ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿರಬೇಕು. ಫಿನ್‌ಗಳೆಲ್ಲ ಸರಿಹೋದ ಮೇಲೂ ಅಷ್ಟು ತಂಪು ಬರದಿದ್ದರೆ ತೊಂದರೆ ಗ್ಯಾಸಿನಲ್ಲೋ ಫ್ಯಾನಿನಲ್ಲೋ ಇರುತ್ತದೆ, ಇನ್ನಷ್ಟು ಬಾಚಿದರೆ ಅದು ಹೋಗುವುದಿಲ್ಲ. ಕಾರಿನಲ್ಲಾದರೆ ಬ್ಯಾಟರಿ ತಂತಿಯನ್ನು ಜೋಡಿಸಿ, ಎಂಜಿನ್ ನಿಂತಲ್ಲೇ ಓಡುವಂತೆ ಬಿಟ್ಟು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಉಷ್ಣತೆಯ ಮುಳ್ಳನ್ನು ಗಮನಿಸಬೇಕು. ಮರುದಿನ ತಿದ್ದಿದ ಜಾಗದಲ್ಲಿ ಹೊಸ ಜಿಡ್ಡಾಗಲಿ ತೇವವಾಗಲಿ ಕಾಣುತ್ತದೆಯೇ ಎಂದು ಇನ್ನೊಮ್ಮೆ ಟಾರ್ಚ್ ಹಿಡಿದು ನೋಡಬೇಕು.

ಚೆಂಡೋ ಆಲಿಕಲ್ಲೋ ಮತ್ತೆ ಬಡಿಯುವ ಜಾಗದಲ್ಲಿ ಯೂನಿಟ್ ಇದ್ದರೆ ತಂತಿಯ ಜಾಲರಿ ಕಟ್ಟಬಹುದು. ಅದರ ಕಣ್ಣು ಒಂದು ಸೆಂಟಿಮೀಟರಿಗಿಂತ ಕಿರಿದಾಗಿರದಿರಲಿ, ಕಾಯಿಲಿನಿಂದ ಎರಡು ಮೂರು ಬೆರಳು ದೂರದಲ್ಲಿರಲಿ. ಸೊಳ್ಳೆ ಪರದೆಯಂತಹ ಸಣ್ಣ ಕಣ್ಣಿನ ಬಲೆ ಹಾಕಿದರೆ ಒಂದೆರಡು ತಿಂಗಳಲ್ಲಿ ಅದೇ ಧೂಳು ಹಿಡಿದು, ಬಾಗಿದ ಫಿನ್‌ಗಳಿಗಿಂತ ಹೆಚ್ಚು ಗಾಳಿಯನ್ನು ತಡೆಯುತ್ತದೆ.